ನೀವು ರಾಮಾಚಾರಿ ಅಲ್ಲ ಕಣ್ರೀ

ಎಪ್ಪತ್ತರ ದಶಕದ ಕನ್ನಡ ಸಿನಿಮಾಗಳಲ್ಲಿ ನಿಮಗೆ ಯಾವುದಿಷ್ಟ ಅಂತ ಯಾರಾದರೂ ಕೇಳಿದರೆ ನಿಮ್ಮ ಹತ್ತಿರ ಎರಡು ಲಿಸ್ಟ್ ರೆಡಿ ಇರುತ್ತೆ. ಒಂದು, ನಾಲ್ಕು ಜನ ಓದಿದವರು ಎದುರಿಗಿದ್ದಾಗ ಹೇಳೋದು. ಇನ್ನೊಂದು, ಮನೇಲಿ ಬನಿಯನ್ ಹಾಕ್ಕೊಂಡು ಕಾಲು ಚಾಚಿ ಕೂತಾಗ ನೋಡೋದು. ಎರಡೂ ಲಿಸ್ಟಲ್ಲಿ ಒಂದೇ ಒಂದು ಹೆಸರೂ ತಾಳೆಯಾಗಲ್ಲ. (ಹಿಂದೆ ತಿರುಗಿ ನೋಡಬೇಡಿ, ನಿಮಗೇ ಹೇಳ್ತಿರೋದು.)

ಮೊದಲನೇ ಲಿಸ್ಟ್ ನನಗೂ ಬಾಯಿಪಾಠ. ‘ಸಂಸ್ಕಾರ’, ‘ವಂಶವೃಕ್ಷ’, ‘ಚೋಮನ ದುಡಿ’, ‘ಘಟಶ್ರಾದ್ಧ’. ಹೇಳುವಾಗ ಕನ್ನಡಕ ಸರಿಮಾಡ್ಕೊಳ್ತೀರಿ, ದನಿ ಒಂಚೂರು ತಗ್ಗಿಸ್ತೀರಿ. 1970ರಲ್ಲಿ ಬಂದ ‘ಸಂಸ್ಕಾರ’ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿದ್ದು, ಅದಕ್ಕೂ ಮೊದಲು ಸೆನ್ಸಾರಿನವರು ಅದನ್ನ ತಡೆದಿದ್ದು, ಕ್ಯಾಮೆರಾ ಹಿಡಿದ ಟಾಮ್ ಕೋವನ್ ಆಸ್ಟ್ರೇಲಿಯಾದವರು ಅನ್ನೋದು, ಎಲ್ಲಾ ಪಟಪಟ ಅಂತ ಹೇಳ್ತೀರಿ. ಸರಿ ಸ್ವಾಮಿ, ಆ ನಾರಣಪ್ಪನ ಹೆಣ ಕೊನೆಗೆ ಸುಟ್ಟೋರು ಯಾರು?

ಯಾಕೆ, ಕೆಮ್ಮು ಬಂತಾ? ಉತ್ತರ ನಾನು ಹೇಳಲ್ಲ. ನೋಡಿದವರಿಗೆ ಗೊತ್ತಿರುತ್ತೆ.

ಆ ಸಿನಿಮಾಗಳನ್ನ ನೀವು ಎಲ್ಲಿ ನೋಡಿದ್ರಿ ಅನ್ನೋದೂ ಗೊತ್ತು ಬಿಡಿ. ದೂರದರ್ಶನದಲ್ಲಿ, ಭಾನುವಾರ ಮಧ್ಯಾಹ್ನ. ದಿಲ್ಲಿಯವರು ವಾರಕ್ಕೊಂದು ಭಾಷೆಯ ಪ್ರಶಸ್ತಿ ಸಿನಿಮಾ ಹಾಕೋರಲ್ಲ, ಆ ಹೊತ್ತಲ್ಲಿ. ಹುಳಿಯನ್ನ, ಹಪ್ಪಳ, ಮೇಲೊಂದು ಲೋಟ ಮಜ್ಜಿಗೆ ಇಳಿದಿತ್ತು, ಫ್ಯಾನ್ ತಿರುಗ್ತಿತ್ತು. ಟೈಟಲ್ ಕಾರ್ಡ್ ನೋಡಿದ್ದು ನಿಜ, ಕೊನೇ ಸೀನು ನೋಡಿದ್ದೂ ನಿಜ. ಮಧ್ಯದ್ದು ನಿಮಗೂ ನಿಮ್ಮ ದಿಂಬಿಗೂ ಬಿಟ್ಟಿದ್ದು.

ಎರಡನೇ ಲಿಸ್ಟ್ ಹಾಗಲ್ಲ. ನಡುರಾತ್ರಿ ಎಬ್ಬಿಸಿ ಕೇಳಿದ್ರೂ ಹೇಳ್ತೀರಿ. 1971ರ ‘ಕಸ್ತೂರಿ ನಿವಾಸ’ ಮತ್ತು ‘ಶರಪಂಜರ’, 1972ರ ‘ಬಂಗಾರದ ಮನುಷ್ಯ’ ಮತ್ತು ‘ನಾಗರಹಾವು’, 1974ರ ‘ಭೂತಯ್ಯನ ಮಗ ಅಯ್ಯು’. ಅದೇ ವರ್ಷ ಅಣ್ಣಾವ್ರು ಎಮ್ಮೆ ಮೇಲೆ ಕೂತು ಹಾಡಿದ ‘ಸಂಪತ್ತಿಗೆ ಸವಾಲ್’. ಅಲ್ಲೀವರೆಗೆ ಪಿ.ಬಿ. ಶ್ರೀನಿವಾಸ್ ಅವರ ಕಂಠಕ್ಕೆ ತುಟಿ ಆಡಿಸ್ತಿದ್ದವರು ಆ ಎಮ್ಮೆ ಹತ್ತಿದ್ದೇ ಹತ್ತಿದ್ದು, ಆಮೇಲೆ ತಮ್ಮ ಹಾಡು ತಾವೇ ಹಾಡ್ಕೊಂಡ್ರು.

ಲಿಸ್ಟಿನ ಕೊನೇಲಿ, ತೀರಾ ಬೇಕಾದವರಿಗೆ ಮಾತ್ರ ಅಂತ, ‘ಆಪರೇಷನ್ ಡೈಮಂಡ್ ರಾಕೆಟ್’ ಸೇರಿಸ್ತೀರಿ. ಅಣ್ಣಾವ್ರು ಇಂಗ್ಲಿಷ್ ಹಾಡು ಹಾಡಿದಾರಲ್ಲ, ಅದು. ನೆಂಟರ ಮದುವೆ ಆರ್ಕೆಸ್ಟ್ರಾದಲ್ಲಿ ಆ ಹಾಡಿಗೆ ನೀವು ಕುಣಿದ ವಿಡಿಯೋ ಇನ್ನೂ ಯಾರದೋ ಫೋನಲ್ಲಿದೆ. (ಡಿಲೀಟ್ ಮಾಡಿಸೋ ಯೋಚನೆ ಬಿಡಿ. ಆಗಲೇ ಮೂರು ಗ್ರೂಪಿಗೆ ಫಾರ್ವರ್ಡ್ ಆಗಿದೆ.)

ಇರಲಿ. ಇವೆಲ್ಲ ಯಾಕಿಷ್ಟ ಅಂತ ಕೇಳಿದರೆ ಉತ್ತರ ನಾಲಿಗೆ ತುದೀಲೇ ಇರುತ್ತೆ. ಆಗಿನ ಸಿನಿಮಾ ಮನೆಮಂದಿಯೆಲ್ಲ ಕೂತು ನೋಡಬಹುದಿತ್ತು ರೀ, ಈಗಿನವು ಬರೀ ಹೊಡಿ, ಬಡಿ, ಕಡಿ. ಹೌದಾ? ಒಂದೊಂದೇ ನೋಡ್ತಾ ಹೋಗೋಣ ಬನ್ನಿ.

‘ನಾಗರಹಾವು’. ಕಾಲೇಜು ಹುಡುಗ ಕಾಪಿ ಹೊಡೆದು ಸಿಕ್ಕಿಬೀಳ್ತಾನೆ, ಅವಮಾನ ತಡೀಲಾರದೆ ಪ್ರಿನ್ಸಿಪಾಲರ ಬಟ್ಟೆ ಬಿಚ್ಚಿ ಕಂಬಕ್ಕೆ ಕಟ್ಟಿಹಾಕ್ತಾನೆ. ‘ಎಡಕಲ್ಲು ಗುಡ್ಡದ ಮೇಲೆ’. ಗಂಡ ಯುದ್ಧದಲ್ಲಿ ಗಾಯಗೊಂಡು ಬಂದಿದಾನೆ, ಹೆಂಡತಿಯ ಮನಸ್ಸು ವಯಸ್ಸಿನಲ್ಲಿ ಚಿಕ್ಕವನೊಬ್ಬನ ಮೇಲೆ. ‘ಶರಪಂಜರ’. ಹೆಂಡತಿ ಆಸ್ಪತ್ರೇಲಿ, ಗಂಡ ಇನ್ನೊಬ್ಬಳ ಜೊತೆ. ಮನೆಮಂದಿಯೆಲ್ಲ ಕೂತು ನೋಡಿದ್ರಿ ಅಲ್ವಾ? ನೋಡಿದ್ರಿ. ಅಜ್ಜಿ ಸೆರಗಲ್ಲಿ ಕಣ್ಣೊರೆಸ್ಕೊಂಡು ಇನ್ನೊಂದು ಸಲ ನೋಡಿದ್ರು.

ಇದೇ ಕಥೇನ ಇವತ್ತು ಯಾರಾದರೂ ಓಟಿಟಿಗೆ ಮಾಡಿದರೆ ಮೊಮ್ಮಗನ ಕಣ್ಣು ಮುಚ್ಚಿ ರಿಮೋಟ್ ಹುಡುಕ್ತೀರಿ. ಪುಟ್ಟಣ್ಣ ಕಣಗಾಲ್ ಮಾಡಿದರೆ ಕಲೆ. (ಹೌದು, ಕಲೆಯೇ. ನಾನೂ ಅದೇ ಪಾರ್ಟಿ. ಆದರೆ ಸಂಸಾರಸ್ಥರ ಸಿನಿಮಾ ಅಂತ ಸರ್ಟಿಫಿಕೇಟ್ ಮಾತ್ರ ಕೊಡಬೇಡಿ.)

ಇನ್ನೊಂದು ಅಂತೀರಿ: ಆಗ ಬಂದಿದ್ದೆಲ್ಲಾ ಬಂಗಾರ. ಆ ಹತ್ತು ವರ್ಷದಲ್ಲಿ ನೂರಾರು ಕನ್ನಡ ಸಿನಿಮಾ ಬಂದ್ವು, ನೀವು ಬೆರಳು ಮಡಚೋದು ಹತ್ತಕ್ಕೆ. ಉಳಿದವು ಎಲ್ಲಿ ಹೋದ್ವು? ರಟ್ಟಿನ ಬಂಡೆ, ಜಾರೋ ವಿಗ್ಗು, ಕಾರಣವಿಲ್ಲದೆ ನಡುವೆ ಬರೋ ಕ್ಲಬ್ ಡ್ಯಾನ್ಸು, ಬಿಳಿ ಪ್ಯಾಂಟಿನ ಸ್ಮಗ್ಲರ್, ಇವೂ ಆಗಿನವೇ. ನೀವು ಮುಂದಿನ ಬೆಂಚಲ್ಲಿ ಕೂತು ಅದಕ್ಕೂ ಶಿಳ್ಳೆ ಹೊಡೆದಿದೀರಿ. ಈಗ ನೆನಪಿಲ್ಲ ಅಂತೀರಿ, ಅಷ್ಟೇ.

ಉಳಿದವು ಯಾಕೆ ಉಳಿದ್ವು ಅನ್ನೋದಕ್ಕೆ ಒಂದು ಒಣ ಕಾರಣ ಇದೆ, ಬೇಗ ಹೇಳಿ ಮುಗಿಸ್ತೀನಿ. ಅವುಗಳ ಬೆನ್ನ ಹಿಂದೆ ಪುಸ್ತಕ ಇತ್ತು. ‘ಶರಪಂಜರ’ ತ್ರಿವೇಣಿಯವರದು, ‘ಬಂಗಾರದ ಮನುಷ್ಯ’ ಟಿ.ಕೆ. ರಾಮರಾಯರದು, ‘ಎಡಕಲ್ಲು ಗುಡ್ಡದ ಮೇಲೆ’ ಭಾರತೀಸುತರದು, ‘ಎರಡು ಕನಸು’ ವಾಣಿಯವರದು, ‘ಮಯೂರ’ ದೇವುಡು ಅವರದು, ಭೂತಯ್ಯನ ಕಥೆ ಗೊರೂರರದು. ‘ನಾಗರಹಾವು’ಗೆ ಒಂದು ಸಾಲದು ಅಂತ ಪುಟ್ಟಣ್ಣ ತ.ರಾ.ಸು. ಅವರ ಮೂರು ಕಾದಂಬರಿ ಒಟ್ಟಿಗೆ ಸೇರಿಸಿದ್ರು.

ಅಂದ್ರೆ ಪೋಸ್ಟರ್ ಅಂಟಿಸೋ ಮುಂಚೆನೇ ನಿಮ್ಮಮ್ಮ, ದೊಡ್ಡಮ್ಮ, ಎದುರುಮನೆ ಟೀಚರು ಎಲ್ಲರೂ ಲೈಬ್ರರಿಯಿಂದ ತಂದು ಓದಿ, ಜಗಳ ಆಡಿ, ತೀರ್ಪು ಕೊಟ್ಟು ಮುಗಿಸಿದ್ದರು. ಡೈರೆಕ್ಟರು ಎಲ್ಲಾದರೂ ಎಡವಿದರೆ ಇಂಟರ್‌ವೆಲ್ಲಿನ ಕಡಲೆಕಾಯಿ ಜೊತೇಲೇ ಸುದ್ದಿ ಹರಡೋದು. ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರು. ಎಂಟು ವರ್ಷ ಆದ ಮೇಲೆ ಅವರ ಕಾವೇರಿ ಕಲ್ಪನಾ ಮುಖ ಹೊತ್ತು ಬಂದಳು, ಆಮೇಲೆ ಓದುಗರು ಆ ಪಾತ್ರಕ್ಕೆ ಬೇರೆ ಮುಖ ಒಪ್ಪಲೇ ಇಲ್ಲ. (ಕಲ್ಪನಾ ಬ್ಲೌಸಿನ ತೋಳು ನೋಡ್ಕೊಂಡು ಬಂದು ಟೈಲರ್ ಜೀವ ತಿಂದ ಅತ್ತೆಯೊಬ್ಬರು ನಿಮ್ಮ ಮನೇಲೂ ಇದ್ದಾರೆ. ಹಳೇ ಆಲ್ಬಂ ತೆಗೀರಿ, ಸಿಕ್ತಾರೆ.)

ಇನ್ನು ನಟರು. ಅಣ್ಣಾವ್ರು, ಅಶ್ವಥ್, ಬಾಲಕೃಷ್ಣ ಎಲ್ಲಾ ನಾಟಕದ ಕಡೆಯಿಂದ ಬಂದವರು, ಕೊನೇ ಸಾಲಿನವನಿಗೂ ಮಾತು ಮುಟ್ಟಿಸೋದು ಕಲಿತವರು. ಬಾಲಣ್ಣನಿಗೆ ಕಿವಿ ಸರಿಯಾಗಿ ಕೇಳಿಸ್ತಿರಲಿಲ್ಲ, ಎದುರಿನವರ ತುಟಿ ನೋಡಿ ಟೈಮಿಂಗ್ ಹಿಡೀತಿದ್ದರು. ನೀವು ಅಡುಗೆಮನೇಲಿ ಒಗ್ಗರಣೆ ಹಾಕ್ತಾ ಇದ್ದರೂ ಹಾಲಿನ ಟೀವಿಲಿ ಬರ್ತಿರೋದು ಯಾವ ಸೀನು ಅಂತ ಗೊತ್ತಾಗೋದು ಅದಕ್ಕೇ.

ಒಣ ಕಾರಣ ಮುಗೀತು. ಕುರ್ಚಿ ಹತ್ತಿರ ಎಳ್ಕೊಳ್ಳಿ, ಅಸಲಿ ಕಾರಣ ಜೋರಾಗಿ ಹೇಳೋ ಹಾಗಿಲ್ಲ.

ಈ ಸಿನಿಮಾಗಳಲ್ಲಿ ಕೊನೆಗೆ ಒಳ್ಳೆಯವರ ಗತಿ ಏನಾಗುತ್ತೆ? ‘ಬಂಗಾರದ ಮನುಷ್ಯ’ದ ರಾಜೀವ ಊರು ಬಿಡ್ತಾನೆ. ‘ಕಸ್ತೂರಿ ನಿವಾಸ’ದ ರವಿವರ್ಮ ಎಲ್ಲಾ ಕಳ್ಕೊಂಡು ಪ್ರಾಣ ಬಿಡ್ತಾನೆ. ‘ನಾಗರಹಾವು’ ಹುಡುಗ ರಾಮಾಚಾರಿ ಬೆಟ್ಟದಿಂದ ಹಾರ್ತಾನೆ. ಕಾವೇರಿಗೆ ಮತ್ತೆ ಹುಚ್ಚು. ದುಡ್ಡು ಕೊಟ್ಟು, ಬಿಸಿಲಲ್ಲಿ ಕ್ಯೂ ನಿಂತು, ಇದನ್ನ ನೋಡೋಕೆ ಯಾಕೆ ಹೋದ್ರಿ? ಅದೂ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಟಾಕೀಸಲ್ಲಿ ಎರಡು ವರ್ಷ ಓಡುವಷ್ಟು?

ಯಾಕೆ ಅಂದ್ರೆ ತೆರೆ ಮೇಲೆ ನೋಯ್ತಿದ್ದಿದ್ದು ನೀವು! ಊರಿಗೆಲ್ಲಾ ಉಪಕಾರ ಮಾಡಿ, ಯಾರಿಂದಲೂ ಒಂದು ಒಳ್ಳೇ ಮಾತು ಕೇಳಿಸ್ಕೊಳ್ಳದೆ ನವೆದವರು ನೀವು. ಕತ್ತಲಲ್ಲಿ ನಿಮ್ಮ ಪಕ್ಕದ ಸೀಟಿನವನೂ ಹಾಗೇ ಅಂದ್ಕೊಂಡು ಮೂಗು ಒರೆಸ್ತಿದ್ದ. ಬಾಲ್ಕನೀಲಿ ಕೂತವನೂ ಅಷ್ಟೇ. ಗಾಂಧಿ ಕ್ಲಾಸಿನವನೂ ಅಷ್ಟೇ. ಟಾಕೀಸ್ ತುಂಬ ಬರೀ ರಾಜೀವರು. ಹಾಗಾದ್ರೆ ಕೇಶವ ಎಲ್ಲಿ ಕೂತಿದ್ದ ಸ್ವಾಮಿ?

ಕೇಶವ ಗೊತ್ತಲ್ಲ, ನಮ್ಮ ವಜ್ರಮುನಿ. ಅಪ್ಪ ಹೋದ ಮೇಲೆ ಸೋದರಮಾವ ರಾಜೀವ ಮನೆ ಹೊರೆ ಹೊತ್ತು, ಕಲ್ಲುಭೂಮಿ ಹಸನು ಮಾಡಿ, ಬೆಳೆ ತೆಗೆದು, ಇವನನ್ನ ಓದಿಸ್ತಾನೆ. ಇವನು ಓದಿ ದೊಡ್ಡ ಮನುಷ್ಯನಾಗಿ ಬಂದು ಮಾವನ ಮೇಲೇ ಗುಮಾನಿ ಪಡ್ತಾನೆ, ಮಾತಾಡಬಾರದ್ದು ಮಾತಾಡ್ತಾನೆ. ಯಾವಾಗ? ಆ ಮನುಷ್ಯ ಊಟಕ್ಕೆ ಕೂತಿರೋವಾಗ. ರಾಜೀವ ವಾದ ಮಾಡಲ್ಲ, ಲೆಕ್ಕ ಒಪ್ಪಿಸಲ್ಲ. ಅರ್ಧ ಊಟಕ್ಕೆ ಎದ್ದು ಹೊರಟುಬಿಡ್ತಾನೆ.

ಆ ಸೀನಿಗೆ ನಿಮ್ಮ ಕರ್ಚೀಫು ಹಿಂಡೋ ಹಾಗಾಗಿತ್ತು. ಒಳ್ಳೇದು. ಆಮೇಲೆ ತಾತನ ಆಸ್ತಿ ಪಾಲಾದಾಗ, ಅಷ್ಟು ವರ್ಷ ತೋಟದಲ್ಲಿ ಮೈ ಮುರಿದ ಚಿಕ್ಕಪ್ಪನ ಹತ್ತಿರ, ಇಲ್ಲೀತನಕದ ಅಡಿಕೆ ದುಡ್ಡು ಏನಾಯ್ತು ಅಂತ ಕೇಳಿದವರು ಯಾರು? ಅದೂ ಹಬ್ಬದ ದಿನ, ಒಬ್ಬಟ್ಟಿಗೆ ತುಪ್ಪ ಹಾಕಿಸ್ಕೊಳ್ತಾ? ಅದು ಬೇರೆ, ಇದು ಬೇರೆ ಅಂತೀರಿ. ಕೇಶವನೂ ಹಾಗೇ ಅಂದ್ಕೊಂಡಿದ್ದ.

ಆ ಸಿನಿಮಾ ನೋಡಿ ಹುಡುಗರು ಪೇಟೆ ಬಿಟ್ಟು ಹಳ್ಳಿಗೆ ಹೋಗಿ ನೇಗಿಲು ಹಿಡಿದರು ಅನ್ನೋ ಮಾತು ಇದೆಯಲ್ಲ, ಅದನ್ನ ನೀವು ಹೇಳೋ ಗತ್ತೇ ಗತ್ತು. ನಿಮ್ಮ ಮನೇಲಿ ಯಾರು ಹೋದರು ಹೇಳಿ? ನೀವು ಊರಿಗೆ ಹೋಗಿದ್ದು ಪಹಣಿ ತರೋಕೆ. ಆ ಜಮೀನು ಈಗ ಮೂವತ್ತು ನಲವತ್ತರ ಸೈಟಾಗಿದೆ. (ಕಾರ್ನರ್ ಸೈಟು ನೀವೇ ಇಟ್ಕೊಂಡ್ರಿ ಅಂತಲೂ ಕೇಳಿದೆ.)

ಈಗ ರಾಮಾಚಾರಿ ವಿಷಯಕ್ಕೆ ಬರೋಣ. ಐವತ್ತು ದಾಟಿದ ಗಂಡಸರೆಲ್ಲಾ ಒಂದು ಕಾಲದಲ್ಲಿ ರಾಮಾಚಾರಿಗಳೇ. ಕಾಲೇಜಲ್ಲಿ ನಾನೂ ಹಂಗೇ ಇದ್ದೆ ಕಣೋ, ಯಾರಿಗೂ ತಲೆ ಬಗ್ಗಿಸ್ತಿರಲಿಲ್ಲ ಅಂತ ಮಗನ ಎದುರು ಬಿಡ್ತೀರಿ. ನಿಮ್ಮ ಹಳೇ ಕ್ಲಾಸ್‌ಮೇಟುಗಳು ಹೇಳೋದೇ ಬೇರೆ. ಪ್ರಿನ್ಸಿಪಾಲರನ್ನ ಕಂಬಕ್ಕೆ ಕಟ್ಟೋದು ಹಾಗಿರಲಿ, ಅವರು ವರಾಂಡದಲ್ಲಿ ಎದುರು ಬಂದರೆ ನೀವೇ ಕಂಬದ ಹಿಂದೆ ಹೋಗಿಬಿಡ್ತಿದ್ರಂತೆ.

ನೀವು ರಾಮಾಚಾರಿ ಅಲ್ಲ ಕಣ್ರೀ, ವರದ! ಮರೆತ್ರಾ? ಅಲಮೇಲುವಿನ ಅಣ್ಣ, ನಮ್ಮ ಶಿವರಾಂ. ತಂಗಿಗೆ ಜಲೀಲ ಕಾಟ ಕೊಡ್ತಿದಾನೆ ಅಂತ ರಾಮಾಚಾರಿಯ ಸಹಾಯ ಬೇಕಾಯ್ತು. ತಂಗಿ ನಿನಗೇ ಅನ್ನೋ ಆಸೆ ತೋರಿಸಿ ಅವನ ಕೈಲಿ ಜಲೀಲನಿಗೆ ಹೊಡೆಸಿದ್ದೂ ಆಯ್ತು. ಕೊಟ್ಟ ಮಾತು ಉಳಿಸೋ ಹೊತ್ತು ಬಂದಾಗ ಉಸಿರಿಲ್ಲ. ಆಫೀಸಲ್ಲಿ ಪಾಪದವನೊಬ್ಬನಿಗೆ, ಬಾಸ್ ಮುಂದೆ ನೀವು ಶುರುಮಾಡಿ ಸಾರ್, ನಾವೆಲ್ಲ ಹಿಂದೆ ಇದೀವಿ ಅಂತ ಹೇಳಿ, ಮೀಟಿಂಗಲ್ಲಿ ಪೆನ್ನಿನ ಕ್ಯಾಪ್ ತಿರುಗಿಸ್ತಾ ಕೂತವರು ಯಾರು? ಐವತ್ತು ವರ್ಷದಿಂದ ಜನ ಆ ಸಿನಿಮಾ ನೋಡ್ತಿದಾರೆ, ನಾನೇ ವರದ ಅಂದವರು ಒಬ್ಬರೂ ಸಿಕ್ಕಿಲ್ಲ.

ಮಕ್ಕಳಿರೋರಿಗೆ ಇನ್ನೊಂದು ಪಾತ್ರ ಗ್ಯಾರಂಟಿ: ರಾಮಾಚಾರಿಯ ಚಾಮಯ್ಯ ಮೇಷ್ಟ್ರು. ಎಂಥಾ ಪ್ರೀತಿ ನೋಡಿ ಅವರದು! ಆ ಪ್ರೀತಿ ಹಿಡ್ಕೊಂಡೇ ಹುಡುಗನ ಮನಸ್ಸಿನಲ್ಲಿದ್ದ ಅಲಮೇಲುವನ್ನ ಬಿಡಿಸ್ತಾರೆ, ಜಾತಿ ಕೂಡಲ್ಲ ಅಂತ. ಮಾರ್ಗರೆಟ್ ಬಂದಾಗ ಮತ್ತೆ ಅಡ್ಡ ನಿಲ್ತಾರೆ. ಆಮೇಲೆ ದುರ್ಗದ ಬೆಟ್ಟದ ಮೇಲೆ ಏನಾಯ್ತು ಅಂತ ಗೊತ್ತೇ ಇದೆ. ಅಶ್ವಥ್ ಅಷ್ಟು ಮೆತ್ತಗೆ ಮಾತಾಡ್ತಾರಲ್ಲ, ನಮಗೆ ಅವರ ಮೇಲೆ ಸಿಟ್ಟೇ ಬರಲ್ಲ.

ನಿಮ್ಮ ಮಗಳು ಬಂದು ಅಪ್ಪಾ, ಒಬ್ಬ ಹುಡುಗ ಇದಾನೆ ಅಂದಾಗ ನೀವೂ ಹಾಗೇ ಮೆತ್ತಗೆ ಮಾತಾಡಿದ್ರಿ. ಎಲ್ಲಾ ನಿನ್ನಿಷ್ಟಾನಮ್ಮ, ನಾವು ಯಾವತ್ತು ಬೇಡ ಅಂದಿದೀವಿ, ಅಮ್ಮನ ಬೀಪಿ ಒಂಚೂರು ಮನಸ್ಸಲ್ಲಿಟ್ಕೋ ಅಷ್ಟೇ. (ಅಶ್ವಥ್ ಇದ್ದಿದ್ದರೆ ನಿಮ್ಮ ಹತ್ತಿರ ಪಾಠಕ್ಕೆ ಬರ್ತಿದ್ರು.)

2018ರಲ್ಲಿ ‘ನಾಗರಹಾವು’ ಹೊಸದಾಗಿ ಪಾಲಿಶ್ ಮಾಡಿಸ್ಕೊಂಡು ಥಿಯೇಟರಿಗೆ ಬಂದಾಗ ನೀವು ಹೋಗಿದ್ರಿ, ಮಗನನ್ನೂ ಎಳ್ಕೊಂಡು ಹೋಗಿದ್ರಿ. ಒನಕೆ ಓಬವ್ವನ ಹಾಡಿಗೆ ಇಡೀ ಥಿಯೇಟರ್ ಎದ್ದು ನಿಂತಿದ್ದನ್ನ ಇನ್ನೂ ಹೇಳ್ತಿರ್ತೀರಿ. ಸಿನಿಮಾದಲ್ಲಿ ಓಬವ್ವ ಇರೋದು ಒಂದು ಹಾಡಿನಷ್ಟು ಹೊತ್ತು ಮಾತ್ರ. ಆದರೂ ಚಿತ್ರದುರ್ಗಕ್ಕೆ ಹೋಗಿ ಆ ಕಿಂಡಿ ಮುಂದೆ ನಿಂತರೆ ಕಣ್ಣಿಗೆ ಕಟ್ಟೋದು ಜಯಂತಿ, ಕೈಲಿ ಒನಕೆ. ಇತಿಹಾಸದ ಪುಸ್ತಕ ಬರೆದವರು ಹೊಟ್ಟೆ ಉರ್ಕೋಬೇಕು.

‘ಕಸ್ತೂರಿ ನಿವಾಸ’ಕ್ಕೆ ಬಂದರೆ ನಿಮ್ಮ ಗಂಟಲೇ ಕಟ್ಟುತ್ತೆ. ಬೆಂಕಿಪೊಟ್ಟಣದ ಫ್ಯಾಕ್ಟರಿ ಮಾಲೀಕ, ಕೊಟ್ಟು ಕೊಟ್ಟು ಬರಿಗೈ ಆದವನು. ಒಂದು ಕಾಲಕ್ಕೆ ಕೈಕೆಳಗೆ ಕೆಲಸಕ್ಕಿದ್ದ ಚಂದ್ರುವೇ ಎದುರಾಳಿಯಾಗಿ ಮೇಲೆ ಬಂದಿದಾನೆ. ಕೊನೇಲಿ ಮನೆ ಬಾಗಿಲಿಗೆ ಬಂದವರಿಗೆ ಊಟ ಹಾಕಬೇಕು, ಮನೇಲಿ ಏನೂ ಇಲ್ಲ. ಸಾಕಿದ ಪಾರಿವಾಳ ಮಾರಿ ಊಟ ಹಾಕ್ತಾನೆ. ಉಂಡಾದ ಮೇಲೆ ಗೊತ್ತಾಗುತ್ತೆ, ಅವರು ಬಂದಿದ್ದೇ ಆ ಪಾರಿವಾಳ ಕೇಳೋಕೆ.

ಈ ಕಥೆ ಶಿವಾಜಿ ಗಣೇಶನ್ ಮೊದಲು ಬೇಡ ಅಂದಿದ್ದು ಅಂತಾರೆ. ಇಲ್ಲಿ ಗೆದ್ದ ಮೇಲೆ 1975ರಲ್ಲಿ ತಮಿಳಿನಲ್ಲಿ ಅವರೇ ಮಾಡಿದರು. 2014ರಲ್ಲಿ ಕಪ್ಪುಬಿಳುಪಿಗೆ ಬಣ್ಣ ಹಚ್ಚಿ ಮತ್ತೆ ಬಿಟ್ಟಾಗಲೂ ನೀವು ಹೋಗಿ ಅತ್ತು ಬಂದ್ರಿ. ಬಂದು ಹೇಳಿದ್ದೇನು? ನಂದೂ ಅದೇ ಗುಣ ರೀ, ಕೇಳಿದವರಿಗೆ ಇಲ್ಲ ಅನ್ನೋಕೆ ಬರಲ್ಲ. ಆಹಾ! ಮೊನ್ನೆ ಮನೆಕೆಲಸದಾಕೆ ಅಡ್ವಾನ್ಸ್ ಐನೂರು ಕೇಳಿದಾಗ ಇಡೀ ಬೀದೀಲಿ ನೆಟ್‌ವರ್ಕ್ ಹೋಗಿದ್ದು ನಿಮ್ಮೊಬ್ಬರ ಫೋನಿಗೆ.

ಮೇಡಂ, ನೀವು ನಗ್ತಾ ಇದೀರಿ, ನಿಮ್ಮ ಸರದಿ ಈಗ. ‘ಶರಪಂಜರ’. ಕಾವೇರಿ ವಾಸಿಯಾಗಿ ಮನೆಗೆ ಬರ್ತಾಳೆ. ವಾಸಿಯಾಗದೆ ಉಳಿದಿದ್ದು ಸುತ್ತಲಿನವರು. ನಕ್ಕರೆ ಯಾಕೆ ನಕ್ಕಳು, ಸುಮ್ಮನಿದ್ದರೆ ಯಾಕೆ ಸುಮ್ಮನಿದಾಳೆ. ಎಲ್ಲರೂ ಸೇರಿ ನೋಡಿ ನೋಡಿಯೇ ಅವಳನ್ನ ಮತ್ತೆ ಅಲ್ಲಿಗೇ ಕಳಿಸ್ತಾರೆ. ಕಾವೇರಿಗಾಗಿ ನೀವು ಅತ್ತಿದ್ದು ಸುಳ್ಳಲ್ಲ. ಮಾರನೇ ದಿನ ತರಕಾರಿ ಗಾಡಿ ಹತ್ತಿರ, ಮೂರನೇ ಮನೆ ಸೊಸೇನ ನಿಮ್ಹಾನ್ಸ್‌ಗೆ ತೋರಿಸ್ತಿದಾರಂತೆ ಅಂತ ಹುಬ್ಬು ಹಾರಿಸಿದ್ದೂ ಸುಳ್ಳಲ್ಲ.

‘ಸಂಪತ್ತಿಗೆ ಸವಾಲ್’ ವಿಷಯ ಜಾಸ್ತಿ ಎಳೆಯಲ್ಲ. ಜಂಬದ ಮಂಜುಳಾನ ಅಣ್ಣಾವ್ರು ದಾರಿಗೆ ತರೋದು ನೋಡಿ ಮೀಸೆ ತಿರುವಿದ ಯಜಮಾನರೆಲ್ಲ, ಮನೇಲಿ ಎರಡನೇ ಕಾಫಿ ಕೇಳೋ ಮುಂಚೆ ಅಡುಗೆಮನೆ ಹವಾಮಾನ ವಿಚಾರಿಸ್ಕೊಳ್ಳೋರೇ.

ಒಂದೇ ಒಂದು ಸಿನಿಮಾದಲ್ಲಿ ಮಾತ್ರ ನೀವು ನಿಮ್ಮ ನಿಜವಾದ ಪಾತ್ರ ಒಪ್ಕೊಂಡಿದೀರಿ. ‘ಭೂತಯ್ಯನ ಮಗ ಅಯ್ಯು’. ಅಯ್ಯು, ಗುಳ್ಳ ಇಬ್ಬರೂ ಹಗೆ ಸಾಧಿಸ್ತಾ ಕೋರ್ಟು ಕಚೇರಿ ಅಂತ ಮನೆ ಹಾಳುಮಾಡ್ಕೊಳ್ತಾರೆ, ಲೋಕೇಶ್ ಮತ್ತು ವಿಷ್ಣುವರ್ಧನ್ ಜೀವ ಬಿಟ್ಟು ಮಾಡಿದಾರೆ. ನಿಮಗೆ ಅದು ಯಾವುದೂ ನೆನಪಿಲ್ಲ. ನೆನಪಿರೋದು ಲೋಕನಾಥ್ ಉಪ್ಪಿನಕಾಯಿ! ಹೆಸರು ಎತ್ತಿದ್ದಕ್ಕೇ ನಿಮ್ಮ ಬಾಯಲ್ಲಿ ನೀರು ಬಂತು, ನಾನು ನೋಡಿದೆ. (ಇದೇ ಲೋಕನಾಥ್ ‘ನಾಗರಹಾವು’ನಲ್ಲಿ ಕಂಬಕ್ಕೆ ಕಟ್ಟಿಸ್ಕೊಂಡ ಪ್ರಿನ್ಸಿಪಾಲರು. ಮನುಷ್ಯನಿಗೆ ಸಿಕ್ಕಿದ್ದು ಎರಡೇ ಸೀನಾದರೂ ಸಾಕು.)

ಈಗ ಗೊತ್ತಾಯ್ತಾ, ಆ ಮೊದಲನೇ ಲಿಸ್ಟ್ ಯಾಕೆ ಮಧ್ಯಾಹ್ನದ ನಿದ್ದೆಗೆ ಹೋಯ್ತು ಅಂತ? ಅದರಲ್ಲಿ ನಿಮಗೆ ಕೂರೋಕೆ ಸೀಟಿಲ್ಲ. ‘ಚೋಮನ ದುಡಿ’ಯ ಚೋಮನಿಗೆ ಇರೋದು ಒಂದೇ ಆಸೆ, ತನ್ನದು ಅಂತ ಒಂದಿಷ್ಟು ಭೂಮಿ ಉಳಬೇಕು. ಅವನು ಹುಟ್ಟಿದ ಜಾತಿಗೆ ಅದು ಸಲ್ಲದು ಅಂತು ಊರು. ಎಂ.ವಿ. ವಾಸುದೇವರಾಯರು ಆ ದುಡಿ ಬಾರಿಸೋದು ನೋಡ್ತಾ ಚೋಮ ನಾನೇ ಅನ್ನೋಕೆ ನಮಗೂ ನಿಮಗೂ ಮುಖ ಇಲ್ಲ. ಧಣಿ ನಾನೇ ಅನ್ನೋಕೆ ಬಾಯಿ ಬರಲ್ಲ. ಅದಕ್ಕೇ ಆಕಳಿಕೆ ಬಂತು. (ವಾಸುದೇವರಾಯರಿಗೆ ಅತ್ಯುತ್ತಮ ನಟ ಅಂತ ರಾಷ್ಟ್ರಪ್ರಶಸ್ತಿ ಬಂತು. ಎಚ್ಚರ ಇದ್ದವರು ಕೊಟ್ಟಿದ್ದು.)

‘ಸಂಸ್ಕಾರ’ವೂ ಅಷ್ಟೇ. ಅಗ್ರಹಾರದಲ್ಲಿ ಹೆಣ ಬಿದ್ದಿದೆ, ಅದು ಎದ್ದೋಗೋ ತನಕ ಯಾರೂ ಉಣ್ಣೋ ಹಾಗಿಲ್ಲ, ಸಂಸ್ಕಾರಕ್ಕೂ ಯಾರೂ ಮುಂದೆ ಬರ್ತಿಲ್ಲ. ಚಂದ್ರಿ ತನ್ನ ಒಡವೆ ಬಿಚ್ಚಿ ಇಟ್ಟ ತಕ್ಷಣ ಶಾಸ್ತ್ರದಲ್ಲಿ ದಾರಿ ಇದೆಯಾ ಅಂತ ಎಲ್ಲರೂ ಹುಡುಕೋಕೆ ಶುರುಮಾಡ್ತಾರೆ. ಆ ಗುಂಪಲ್ಲಿ ನಿಮ್ಮ ದೊಡ್ಡಪ್ಪನ ಮುಖ ಕಾಣಿಸಿತು, ಹೌದು ತಾನೆ? ಪಕ್ಕದಲ್ಲೇ ಇನ್ನೊಂದು ಮುಖ ಇತ್ತು. ಅಷ್ಟು ಹೊತ್ತಿಗೆ ನೀವು ಗೋಡೆ ಕಡೆ ಹೊರಳಿ ಮಲಗಿದ್ರಿ.

ಈಗೊಂದು ಕೆಲಸ ಮಾಡಿ. ಈ ಭಾನುವಾರ ಯೂಟ್ಯೂಬಲ್ಲಿ ‘ಬಂಗಾರದ ಮನುಷ್ಯ’ ಹಾಕಿ. ಹಾಡು ಬಂದಾಗ ಜೊತೇಲಿ ಹಾಡಿ, ಭಾರತಿ ಬಂದಾಗ ನಿಟ್ಟುಸಿರು ಬಿಡಿ, ಮೊಮ್ಮಗನಿಗೆ ಮುಂದಿನ ಸೀನು ಮೊದಲೇ ಹೇಳಿ ಬೈಸ್ಕೊಳ್ಳಿ. ಯಾವುದಕ್ಕೂ ಅಡ್ಡಿಯಿಲ್ಲ. ಆದರೆ ವಜ್ರಮುನಿ ಬಾಯಿ ತೆರೆಯೋ ಹೊತ್ತಿಗೆ ಕಾಫಿ ನೆಪ ತೆಗೆದು ಎದ್ದು ಹೋಗಬೇಡಿ. ರಾಜೀವ ಹೊರಟಾಗ ಈ ಸಲ ಅವನ ಹಿಂದೆ ಹೋಗೋದೂ ಬೇಡ. ಕೇಶವನ ಜೊತೆ ಮನೆಯೊಳಗೇ ಇರಿ.

ಅಂದ ಹಾಗೆ, ನಿಮ್ಮ ಸೋದರಮಾವನಿಗೆ ಫೋನ್ ಮಾಡಿ ಎಷ್ಟು ದಿನ ಆಯ್ತು? ಇವತ್ತೇ ಮಾಡಿ. ಪಾಲಿನ ಮಾತು ಎತ್ತಬೇಡಿ. ಊಟದ ಹೊತ್ತಲ್ಲಂತೂ ಬೇಡವೇ ಬೇಡ.